24 ಕಿಲೋಮೀಟರ್ ಎಂದು ಬರೆದಿದ್ದಾರೆ, ಓಡಬೇಕಾದದ್ದು ಎಷ್ಟು?

ಪ್ರಶ್ನೆ: ನಾನು ಬೆಂಗಳೂರಿನವನು, ವಯಸ್ಸು 37. ಎರಡು ವರ್ಷದಿಂದ ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿದ್ದೇನೆ. ಬೆಂಗಳೂರಿನ ಟಿಸಿಎಸ್ 10ಕೆ ಎರಡು ಸಲ ಓಡಿದ್ದೇನೆ. ಇಲ್ಲಿ ಒಂದು ಹಾಫ್ ಮ್ಯಾರಥಾನನ್ನು 2 ಗಂಟೆ 12 ನಿಮಿಷಕ್ಕೆ ಮುಗಿಸಿದೆ. ಅಕ್ಟೋಬರ್ ಕೊನೆಯ ಭಾನುವಾರ ಅವೆರೋನ್ ಜಿಲ್ಲೆಯ ಹಳ್ಳಿಯೊಂದರಲ್ಲಿ ನಡೆಯುವ ಟ್ರೇಲ್ ಓಟಕ್ಕೆ (ಗುಡ್ಡ, ಕಾಡಿನ ಕಾಲುದಾರಿಯ ಓಟ) ಆಫೀಸಿನ ಗೆಳೆಯರು ಕರೆಯುತ್ತಿದ್ದಾರೆ. 24 ಕಿ.ಮೀ., ಏರು 950 ಮೀಟರ್. 15ನೇ ಕಿ.ಮೀ.ಗೆ 2 ಗಂಟೆ 45 ನಿಮಿಷದೊಳಗೆ ತಲುಪಬೇಕು, ಒಟ್ಟು 4 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. 12 ಕಿ.ಮೀ.ನ (ಏರು 400 ಮೀಟರ್) ಇನ್ನೊಂದು ಓಟವೂ ಅದೇ ದಿನ ಇದೆ. ಡಾಕ್ಟರ್ ಸರ್ಟಿಫಿಕೇಟ್ ಬೇಕು ಎಂದು ಒಬ್ಬರು, ಬೇಡ ಎಂದು ಇನ್ನೊಬ್ಬರು ಹೇಳುತ್ತಾರೆ. ಹಳ್ಳಿಯ ಓಟಗಳಿಗೆ ಬರುವವರೆಲ್ಲ ಬೆಟ್ಟದ ಮೇಕೆಗಳಂತೆ ಓಡುತ್ತಾರಂತೆ, ನಾನೇ ಕೊನೆಯವನಾಗುತ್ತೇನೆ ಎಂಬ ಭಯ. ಜತೆಗೆ ನಾನು ಸಸ್ಯಾಹಾರಿ, ಕಾರಿಲ್ಲ. ಓಟಕ್ಕೆ ಇನ್ನು ಎಂಟು ವಾರ ಇದೆ. ಹೋಗಲೇ?

ಉತ್ತರ: ಕೊನೆಯವನಾಗುತ್ತೇನೆ ಎನ್ನುವುದು ನಿಮ್ಮ ಪತ್ರದ ದೊಡ್ಡ ಭಯ. ನಿಜವಾಗಿ ಲೆಕ್ಕ ಹಾಕಬೇಕಾದದ್ದು 15ನೇ ಕಿ.ಮೀ.ನ ಆ 2 ಗಂಟೆ 45 ನಿಮಿಷವನ್ನು. ಅದಕ್ಕೆ ಬರುವ ಮುನ್ನ ಕಾಗದಪತ್ರದ ಗೊಂದಲ ಮುಗಿಸಿಬಿಡೋಣ.

ನಿಮ್ಮ ಇಬ್ಬರು ಗೆಳೆಯರೂ ಸುಳ್ಳು ಹೇಳಿಲ್ಲ, ಒಬ್ಬರದು ಹಳೆಯ ಮಾಹಿತಿ ಅಷ್ಟೆ. ಕೆಲ ವರ್ಷಗಳ ಹಿಂದಿನವರೆಗೆ ಫ್ರಾನ್ಸಿನಲ್ಲಿ ಸಮಯ ಅಳೆಯುವ ಯಾವುದೇ ಓಟಕ್ಕೂ, ಅದು ಹಳ್ಳಿಯ ಜಾತ್ರೆಯ 5 ಕಿ.ಮೀ. ಆದರೂ, ಒಂದು ವರ್ಷದೊಳಗಿನ ವೈದ್ಯರ ಪತ್ರ ಬೇಕಿತ್ತು. 'ಸ್ಪರ್ಧೆಯಲ್ಲಿ' ಎಂಬ ಒಂದು ಪದ ಬಿಟ್ಟುಹೋಗಿದ್ದರೂ ಕೌಂಟರಿನಲ್ಲಿ ವಾಪಸ್ ಕಳಿಸುತ್ತಿದ್ದರು. 2022ರ ಮಾರ್ಚ್ 2ರ ಕ್ರೀಡಾ ಕಾನೂನು ಬಾಗಿಲು ತೆರೆದ ಮೇಲೆ, 2024ರಿಂದ ಫ್ರೆಂಚ್ ಅಥ್ಲೆಟಿಕ್ಸ್ ಫೆಡರೇಶನ್ ವಯಸ್ಕರಿಗೆ ಆ ಪತ್ರದ ಜಾಗದಲ್ಲಿ ಪಿಪಿಎಸ್ ತಂದಿತು. ಆರೋಗ್ಯದ ಮುನ್ನೆಚ್ಚರಿಕೆಯ ಪಾಠ ಎಂದುಕೊಳ್ಳಿ. ಫೆಡರೇಶನ್‌ನ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ ಕೊಟ್ಟು, ಹೃದಯದ ಅಪಾಯಗಳು, ಓಟ ನಿಲ್ಲಿಸಲೇಬೇಕಾದ ಲಕ್ಷಣಗಳು ಇತ್ಯಾದಿ ಚಿಕ್ಕ ವೀಡಿಯೊಗಳನ್ನು ನೋಡಿ ಮುಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ನೋಂದಣಿ ಫಾರ್ಮಿನಲ್ಲಿ ಅದನ್ನೇ ತುಂಬುವುದು. ಫೆಡರೇಶನ್‌ನ ಲೈಸೆನ್ಸ್ ಇರುವ ಕ್ಲಬ್ ಸದಸ್ಯರಿಗೆ ಇದೂ ಬೇಡ. ಬೆಂಗಳೂರಿನ ರನ್ನಿಂಗ್ ಗ್ರೂಪಿನ ಸದಸ್ಯತ್ವ ಇಲ್ಲಿ ಲೆಕ್ಕಕ್ಕಿಲ್ಲ.

ಎರಡು ಕಡೆ ಜನ ಎಡವುತ್ತಾರೆ. ಒಂದು ತಾರೀಖು. ಪಿಪಿಎಸ್ ಮೊದಲು ಬಂದಾಗ ಮೂರೇ ತಿಂಗಳಿಗೆ ನಡೆಯುತ್ತಿತ್ತು. ಹಿಂದೆಂದೋ ಮಾಡಿದ್ದನ್ನು ತೋರಿಸಿ ಸಿಕ್ಕಿಕೊಂಡವರು ಅನೇಕರು. ಓಟದ ದಿನ ಅದರ ಅವಧಿಯೊಳಗೇ ಬೀಳುತ್ತದೆಯೇ ನೋಡಿಕೊಳ್ಳಿ. ಎರಡನೆಯದು ಹೆಸರು, ಇದು ವಿಶೇಷವಾಗಿ ನಮ್ಮವರ ಸಮಸ್ಯೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿರುತ್ತದೆ, ಇಲ್ಲಿನ ಬ್ಯಾಂಕ್ ಕಾರ್ಡಿನಲ್ಲಿ ತಂದೆಯ ಹೆಸರು ಸರ್‌ನೇಮ್ ಆಗಿರುತ್ತದೆ, ಆಫೀಸಿನಲ್ಲಿ ಇನ್ನೊಂದು ಬಗೆ. ಪಿಪಿಎಸ್‌ನಲ್ಲಿ ಒಂದು, ನೋಂದಣಿಯಲ್ಲಿ ಇನ್ನೊಂದು ಬರೆದರೆ ಎರಡೂ ತಾಳೆಯಾಗದೆ ಅರ್ಜಿ ಅರ್ಧಕ್ಕೆ ನಿಲ್ಲುತ್ತದೆ. ನಿವಾಸ ಪರವಾನಗಿ ಕಾರ್ಡಿನಲ್ಲಿ ಇರುವುದನ್ನೇ ಅಕ್ಷರ ಬಿಡದೆ ಎರಡೂ ಕಡೆ ಬರೆಯಿರಿ. ಬಿಬ್ (ಎದೆಗೆ ಸಿಕ್ಕಿಸಿಕೊಳ್ಳುವ ಓಟಗಾರರ ಸಂಖ್ಯೆಯ ಚೀಟಿ) ಕೊಡುವಾಗ ಆ ಕಾರ್ಡನ್ನೇ ಕೇಳುತ್ತಾರೆ.

ಪಿಪಿಎಸ್ ಇದೆ ಎಂದ ಮಾತ್ರಕ್ಕೆ ನಿಮ್ಮ ಹೃದಯವನ್ನು ಯಾರೋ ಪರೀಕ್ಷಿಸಿದ್ದಾರೆ ಎಂದಲ್ಲ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ, ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇದ್ದರೆ, ದಿಬ್ಬ ಹತ್ತುವಾಗ ಎದೆ ಬಿಗಿದಂತಾಗಿದ್ದರೆ, ಕಾನೂನು ಕೇಳದಿದ್ದರೂ ವೈದ್ಯರನ್ನು ಕಂಡು ಇ.ಸಿ.ಜಿ. ಮಾಡಿಸಿಕೊಳ್ಳಿ. ಇನ್ನೊಂದು: ಬರಲಾಗದ ಗೆಳೆಯನ ಬಿಬ್ ಹಾಕಿಕೊಂಡು ಓಡುವ ಚಾಳಿ ಇಲ್ಲೂ ಇದೆ, ನಿಯಮ ಅದನ್ನು ನಿಷೇಧಿಸುತ್ತದೆ. ಕಾಡಿನಲ್ಲಿ ಬಿದ್ದು ಪ್ರಜ್ಞೆ ತಪ್ಪಿದರೆ ನಿಮ್ಮ ಬದಲು ಅವನ ಮನೆಗೆ ಫೋನ್ ಹೋಗುತ್ತದೆ.

ಈಗ ದೂರದ ವಿಷಯ. ರಸ್ತೆ ಓಟದಿಂದ ಬಂದವರೆಲ್ಲ ಮಾಡುವ ತಪ್ಪು ಒಂದೇ: 24 ಕಿ.ಮೀ. ಎಂದರೆ ಹಾಫ್‌ಗಿಂತ ಮೂರು ಕಿ.ಮೀ. ಹೆಚ್ಚು, ಎರಡೂವರೆ ಗಂಟೆ ಸಾಕು ಎಂದುಕೊಳ್ಳುವುದು. 950 ಮೀಟರ್ ಏರು ಅಂದರೆ ಚಾಮುಂಡಿ ಬೆಟ್ಟವನ್ನು ಬುಡದಿಂದ ತುದಿಗೆ ಮೂರು ಸಲ ಹತ್ತಿ, ಮೂರು ಸಲ ಇಳಿದಷ್ಟು. ಫ್ರೆಂಚರು ಏರನ್ನು 'ದೆ ಪ್ಲ್ಯೂಸ್' ಎನ್ನುತ್ತಾರೆ, ಬರೆಯುವುದು ಡಿ+ ಎಂದು. ಪ್ರತಿ 100 ಮೀಟರ್ ಏರಿಗೆ ಒಂದು ಕಿ.ಮೀ. ಕೂಡಿಸುವುದು ಟ್ರೇಲ್ ಓಟಗಾರರ ರೂಢಿಯ ಲೆಕ್ಕ. 24ಕ್ಕೆ 9.5 ಕೂಡಿಸಿದರೆ 33.5. ಆ ಭಾನುವಾರ ನೀವು ಓಡಬೇಕಾದದ್ದು ಇದು.

ನಿಮ್ಮ ಹಾಫ್‌ನ ವೇಗ ಕಿ.ಮೀ.ಗೆ ಸುಮಾರು 6 ನಿಮಿಷ 15 ಸೆಕೆಂಡ್. ಅದರಿಂದ ಗುಣಿಸಿದರೆ 3 ಗಂಟೆ 29 ನಿಮಿಷ ಬರುತ್ತದೆ. ಆದರೆ ಅದು ಟಾರಿನ ಮೇಲಿನ ವೇಗ. ಕಲ್ಲು, ಬೇರು, ಕೆಸರು, ಒಬ್ಬರೇ ಹೋಗಬಹುದಾದ ಕಾಲುದಾರಿಯಲ್ಲಿ ಮುಂದಿನವರ ಹಿಂದೆ ಕಾಯುವುದು, ಇದೆಲ್ಲ ಸೇರಿ ಮೊದಲ ಸಲದವರಿಗೆ ಕಿ.ಮೀ.ಗೆ ಒಂದು ನಿಮಿಷ ಹೆಚ್ಚು ಹಿಡಿಯಬೇಕು. 7 ನಿಮಿಷ 15 ಸೆಕೆಂಡಿನಂತೆ 4 ಗಂಟೆ 3 ನಿಮಿಷ. ಎರಡು ಕಡೆ ನೀರು, ತಿಂಡಿಗೆ ನಿಂತರೆ ಹತ್ತು ನಿಮಿಷ. ಅಂದರೆ 4 ಗಂಟೆ 13 ನಿಮಿಷ. ಮಿತಿಗೆ ಉಳಿಯುವುದು 17 ನಿಮಿಷ.

15ನೇ ಕಿ.ಮೀ.ಗೂ ಇದೇ ಲೆಕ್ಕ ಹಾಕಿ. ಇಲ್ಲಿ ಗಮನಿಸಬೇಕಾದದ್ದು ಏರು ಎಲ್ಲಿದೆ ಎಂಬುದು. ಆಯೋಜಕರು ಕೊಡುವ ಏರಿಳಿತದ ನಕ್ಷೆಯಲ್ಲಿ ಅಲ್ಲಿಯವರೆಗೆ 600 ಮೀಟರ್ ಏರು ಇದ್ದರೆ 15 ಕೂಡಿಸು 6, ಅಂದರೆ 21. 2 ಗಂಟೆ 32 ನಿಮಿಷ. ಮೊದಲ ತಿಂಡಿ ತಾಣದ ಐದು ನಿಮಿಷ ಸೇರಿಸಿದರೆ 8 ನಿಮಿಷ ಉಳಿಯಿತು. ಒಂದು ಸಲ ದಾರಿ ತಪ್ಪಿದರೆ ಅದೂ ಹೋಯಿತು. ಆದರೆ ಏರಿನಲ್ಲಿ 800 ಮೀಟರ್ ಆ ಮೊದಲ ಭಾಗದಲ್ಲೇ ಇದ್ದರೆ 2 ಗಂಟೆ 47 ನಿಮಿಷ ಆಗಿ ನೀವು ಆಗಲೇ ಹೊರಗೆ. ಹಾಗಾಗಿ ಹಣ ಕಟ್ಟುವ ಮುಂಚೆ ಆ ನಕ್ಷೆ ತೆರೆದು ನೋಡಿ. ಒಟ್ಟು ದೂರ, ಒಟ್ಟು ಏರು ಎರಡೇ ನೋಡಿ ನಿರ್ಧಾರ ಮಾಡಬೇಡಿ.

ಇನ್ನು ಕೊನೆಯವನಾಗುವ ಮಾತು. ಅವೆರೋನ್ ಓಟದ ನಾಡು, ನಿಜ. ಮಿಯೋ ಊರಿನಲ್ಲಿ 1972ರಿಂದ 100 ಕಿ.ಮೀ. ರಸ್ತೆ ಓಟ, 1995ರಿಂದ ತಾಂಪ್ಲಿಯೇ ಟ್ರೇಲ್. ಪಕ್ಕದ ಲೊಜೇರ್‌ನಲ್ಲಿ 1973ರಿಂದ ಮಾರ್ವೆಜೋಲ್ ಊರಿನಿಂದ ಮಾಂದ್‌ಗೆ ಬೇಸಿಗೆಯ ಬಿಸಿಲಲ್ಲಿ ಗುಡ್ಡ ಹತ್ತಿಳಿಯುವ ಓಟ. ಮುಂದಿನ ಸಾಲಿನಲ್ಲಿ ನಿಲ್ಲುವ ಕ್ಲಬ್‌ನವರು ಮೇಕೆಗಳೇ. ಆದರೆ ಹಳ್ಳಿಯ ಟ್ರೇಲಿನ ಹಿಂದಿನ ಅರ್ಧದಲ್ಲಿರುವವರು ಶಾಲೆಯ ಮೇಷ್ಟ್ರು, ಡೈರಿಯವರು, ನರ್ಸ್‌ಗಳು, ಅರವತ್ತು ದಾಟಿದ ದಂಪತಿ. ಏರು ಬಂದ ಕೂಡಲೇ ಅವರೆಲ್ಲ ಮಂಡಿಯ ಮೇಲೆ ಕೈಯೂರಿ ನಡೆಯುತ್ತಾರೆ. ಕಡಿದಾದ ಏರಿನಲ್ಲಿ ಓಡುವವನಿಗೂ ಚುರುಕಾಗಿ ನಡೆಯುವವನಿಗೂ ವೇಗದಲ್ಲಿ ವ್ಯತ್ಯಾಸ ಬಹಳ ಕಡಿಮೆ, ದಣಿವಿನಲ್ಲಿ ಬಹಳ ಹೆಚ್ಚು. ಸಾಲಿನ ತುದಿಯಲ್ಲಿ 'ಸೆರ್-ಫೀಲ್' ಎಂಬ ಸ್ವಯಂಸೇವಕರು ಬರುತ್ತಾರೆ. ಕೊನೆಯ ಓಟಗಾರನ ಹಿಂದೆ ಇರುವುದೇ ಅವರ ಕೆಲಸ, ದಾರಿಯ ಗುರುತುಗಳನ್ನೂ ಹಲವು ಕಡೆ ಅವರೇ ಬಿಚ್ಚಿಕೊಂಡು ಬರುತ್ತಾರೆ. ಕೊನೆಯವರಾದರೆ ನಿಮ್ಮ ಜತೆ ಮಾತಿಗೆ ಜನ ಇರುತ್ತಾರೆ, ಅಷ್ಟೇ ಆಗುವ ನಷ್ಟ.

ಏರನ್ನು ಎಲ್ಲರೂ ಹೇಗೋ ನಡೆದು ಮುಗಿಸುತ್ತಾರೆ. ಮೊದಲ ಸಲದವರು ಕುಸಿಯುವುದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು. ಸಪಾಟು ರಸ್ತೆಯಲ್ಲಿ ಎಷ್ಟೇ ಕಿ.ಮೀ. ಓಡಿದರೂ ಈ ಕೆಲಸ ಅದಕ್ಕೆ ಅಭ್ಯಾಸವಾಗುವುದಿಲ್ಲ. ಸ್ನಾಯುವಿನ ಎಳೆಗಳು ಸಣ್ಣಗೆ ಹರಿಯುತ್ತವೆ, 18ನೇ ಕಿ.ಮೀ. ಹೊತ್ತಿಗೆ ತೊಡೆ ನಡುಗಿ, ಇಳಿಜಾರಿನಲ್ಲೂ ನಡೆಯುವ ಗತಿ ಬರುತ್ತದೆ. ಒಳ್ಳೆಯ ಸಂಗತಿ ಎಂದರೆ ಒಂದು ಸಲ ಹೀಗೆ ನೊಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಹೊಡೆತಕ್ಕೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಎಂಟು ವಾರವನ್ನು ಅದಕ್ಕೆ ಬಳಸಿ. ತುಲೂಸ್ ಸಪಾಟು ಊರು, ಆದರೆ ದಕ್ಷಿಣಕ್ಕೆ ಪೆಶ್-ಡಾವಿಡ್ ದಿಬ್ಬ ಇದೆ. ವಾರಕ್ಕೊಮ್ಮೆ ಅಲ್ಲಿ ಹತ್ತುವುದು ನಡಿಗೆಯಲ್ಲಿ, ಇಳಿಯುವುದು ಓಟದಲ್ಲಿ. ನಾಲ್ಕು ಸಲದಿಂದ ಶುರುಮಾಡಿ ಎಂಟು ಸಲದವರೆಗೆ ಹೆಚ್ಚಿಸಿ. ಹೆಜ್ಜೆ ಚಿಕ್ಕದು, ಬೇಗಬೇಗ. ಕಣ್ಣು ಕಾಲಬೆರಳಿನ ಮೇಲಲ್ಲ, ನಾಲ್ಕೈದು ಮೀಟರ್ ಮುಂದೆ. ಹಿಂದಕ್ಕೆ ವಾಲಿ ಹಿಮ್ಮಡಿ ಊರಿದರೆ ಜಾರುವುದು ಖಚಿತ.

ಅಕ್ಟೋಬರ್ ಕೊನೆಯ ಅವೆರೋನ್ ನೆಲವನ್ನೂ ತಿಳಿದಿರಿ. ಕಣಿವೆಯ ಬದಿಯಲ್ಲಿ ಚೆಸ್ಟ್‌ನಟ್ ಕಾಡು. ಒಣಗಿದ ಎಲೆ ಪಾದ ಮುಳುಗುವಷ್ಟು, ಅದರಡಿ ಉರುಟು ಕಲ್ಲು, ಜತೆಗೆ ಮುಳ್ಳುಚೆಂಡಿನಂಥ ಸಿಪ್ಪೆ. ಜಾರಿ ಕೈಯೂರಿದರೆ ಅಂಗೈ ತುಂಬ ಮುಳ್ಳು. ತೆಳ್ಳನೆಯ ಗ್ಲೌಸ್ ಹಾಕಿಕೊಳ್ಳುವುದು ಚಳಿಗಿಂತ ಇದಕ್ಕೇ ಒಳ್ಳೆಯದು. ಮೇಲೆ ಹತ್ತಿದರೆ ಸುಣ್ಣಕಲ್ಲಿನ ಬಯಲು, ಅಲ್ಲಿಯವರ ಬಾಯಲ್ಲಿ 'ಕೋಸ್'. ಮಳೆ ನೀರೆಲ್ಲ ಕಲ್ಲಿನ ಬಿರುಕಿನಲ್ಲಿ ಇಂಗಿಹೋಗುವುದರಿಂದ ಹಳ್ಳ, ತೊರೆ ಯಾವುದೂ ಸಿಗದು, ಗಾಳಿಗೆ ಅಡ್ಡವಿಲ್ಲ. ಸುಣ್ಣಕಲ್ಲು ಒಣಗಿದ್ದಾಗ ಶೂ ಕಚ್ಚಿ ಹಿಡಿಯುತ್ತದೆ, ಒದ್ದೆಯಾದರೆ ಸೋಪು. ತಳದಲ್ಲಿ 4ರಿಂದ 5 ಮಿ.ಮೀ. ಹಲ್ಲಿರುವ ಟ್ರೇಲ್ ಶೂ ಬೇಕು. ರಸ್ತೆಯ ಶೂನಲ್ಲಿ 12 ಕಿ.ಮೀ. ಹೇಗೋ ಆದೀತು, 24 ಬೇಡ.

ದಾರಿ ತಪ್ಪುವುದಕ್ಕೆ ಮುಖ್ಯ ಕಾರಣ ಗುರುತುಗಳ ಗೊಂದಲ. ಫ್ರಾನ್ಸಿನ ಕಾಡಿನಲ್ಲಿ ಚಾರಣದ ಗುರುತುಗಳು ಮೊದಲೇ ಇರುತ್ತವೆ: ಬಿಳಿ-ಕೆಂಪು ಪಟ್ಟಿ ದೂರದ ಹಾದಿಗೆ, ಹಳದಿ ಪಟ್ಟಿ ಸುತ್ತಾಡುವ ಚಿಕ್ಕ ಹಾದಿಗೆ, ಗುಣಿಸು ಚಿಹ್ನೆ ಇದ್ದರೆ ಆ ಕಡೆ ಅಲ್ಲ ಎಂದು. ನಿಮ್ಮ ಓಟದ ಗುರುತು ಬೇರೆ. ಕೊಂಬೆಗೆ ಕಟ್ಟಿದ ಬಣ್ಣದ ಪ್ಲಾಸ್ಟಿಕ್ ಪಟ್ಟಿ, ನೆಲದ ಮೇಲಿನ ಬಣ್ಣ. ಯಾವ ಬಣ್ಣ ಎಂದು ಓಟ ಶುರುವಾಗುವ ಮುಂಚೆ ಮೈಕಿನಲ್ಲಿ ಹೇಳುತ್ತಾರೆ, ಫ್ರೆಂಚಿನಲ್ಲಿ ಮಾತ್ರ. ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳಿ. 12 ಮತ್ತು 24ರ ದಾರಿ ಒಂದು ಕಡೆ ಕವಲೊಡೆಯುತ್ತದೆ, ಮುಂದಿನವನ ಬೆನ್ನು ನೋಡಿ ಓಡುವವರು ತಪ್ಪುವುದು ಅಲ್ಲೇ. 300 ಮೀಟರ್ ಹೋದರೂ ಪಟ್ಟಿ ಕಾಣದಿದ್ದರೆ ಮುಂದೆ ಸಿಗಬಹುದು ಎಂದು ಹೋಗಬೇಡಿ, ಕೊನೆಯ ಪಟ್ಟಿ ಕಂಡ ಜಾಗಕ್ಕೆ ಹಿಂತಿರುಗಿ.

ಸಾಮಾನಿನ ಪಟ್ಟಿ ಓಟದ ನಿಯಮಾವಳಿಯಲ್ಲಿ ಇರುತ್ತದೆ. ಈ ದೂರಕ್ಕೆ ಸಾಮಾನ್ಯವಾಗಿ ಕೇಳುವುದು ಅರ್ಧದಿಂದ ಒಂದು ಲೀಟರ್ ನೀರು, ಸ್ವಂತ ಲೋಟ, ಸೀಟಿ, ಬೆಳ್ಳಿ ಹಾಳೆಯಂಥ ತುರ್ತು ಹೊದಿಕೆ, ಚಾರ್ಜ್ ಇರುವ ಫೋನ್. ಪೇಪರ್ ಲೋಟ ಬಹುತೇಕ ಕಡೆ ಕೊಡುವುದಿಲ್ಲ, ಲೋಟ ಮರೆತರೆ ಅಂಗೈಯಲ್ಲೇ ಕುಡಿಯಬೇಕು. ಹೊದಿಕೆ 60 ಗ್ರಾಂ ತೂಗುತ್ತದೆ, ಅದನ್ನು ಮನೆಯಲ್ಲಿ ಬಿಡಬೇಡಿ. ಬೆಳಗ್ಗೆ ಕಣಿವೆಯಲ್ಲಿ 4-5 ಡಿಗ್ರಿ ಇರುವುದು ಅಪರೂಪವಲ್ಲ. ಕಾಲು ಉಳುಕಿ ಬೆವರಿನ ಬಟ್ಟೆಯಲ್ಲಿ ಅರ್ಧ ಗಂಟೆ ಕೂತರೆ ನಡುಕ ಹತ್ತುತ್ತದೆ. ತುರ್ತು ಸಂಖ್ಯೆ 112, ಜತೆಗೆ ಬಿಬ್ ಮೇಲೆ ಅಚ್ಚಾದ ಆಯೋಜಕರ ಸಂಖ್ಯೆ. ಅದನ್ನು ಹಿಂದಿನ ದಿನವೇ ಫೋನಿಗೆ ಹಾಕಿಕೊಳ್ಳಿ.

ಓಟ ಬಿಟ್ಟರೆ ಹತ್ತಿರದ ತಾಣದ ಸ್ವಯಂಸೇವಕರಿಗೆ ಹೇಳಿಯೇ ಹೋಗಬೇಕು. ಗೆಳೆಯರ ಕಾರು ಸಿಕ್ಕಿತೆಂದು ಸುಮ್ಮನೆ ಹೊರಟುಬಿಟ್ಟರೆ ಸಂಜೆ ಒಂದು ಬಿಬ್ ಲೆಕ್ಕಕ್ಕೆ ಸಿಗದೆ ಅಗ್ನಿಶಾಮಕ ದಳದವರು ಕತ್ತಲಲ್ಲಿ ಕಾಡು ಹುಡುಕುವಂತಾಗುತ್ತದೆ.

ಊಟದ ಚಿಂತೆ ಬಗೆಹರಿಯುವಂಥದ್ದೇ. ತಿಂಡಿ ತಾಣಕ್ಕೆ ಆಡುಮಾತಿನಲ್ಲಿ 'ರಾವಿತೋ'. ಹಳ್ಳಿಯ ಮೇಜಿನ ಮೇಲೆ ಕಿತ್ತಳೆ ಹೋಳು, ಬಾಳೆಹಣ್ಣು, ಒಣದ್ರಾಕ್ಷಿ, ಕಪ್ಪು ಚಾಕೊಲೇಟ್, ಮಸಾಲೆ ಬ್ರೆಡ್, ಉಪ್ಪು ಬಿಸ್ಕತ್ತು, ಅದರ ಪಕ್ಕದಲ್ಲೇ ಒಣ ಸಾಸೇಜಿನ ಬಿಲ್ಲೆಗಳು ಮತ್ತು ಚೀಸ್ ತುಂಡು. ಒಂದೇ ಚಾಕುವಿನಲ್ಲಿ ಎಲ್ಲ ಕತ್ತರಿಸಿರುತ್ತಾರೆ. ಅದು ಕಸಿವಿಸಿಯಾದರೆ ಸಿಪ್ಪೆ ಇರುವ ಬಾಳೆಹಣ್ಣೇ ಗತಿ. ಬಣ್ಣದ ಜೆಲ್ಲಿ ಮಿಠಾಯಿಯಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಾಟಿನ್ ಇರುತ್ತದೆ. ನಿಮ್ಮದನ್ನು ನೀವೇ ಒಯ್ಯುವುದು ಸುಲಭ: ನಾಲ್ಕು ಗಂಟೆಯ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಸಾಕು. ದೊಡ್ಡ ಮೆಜ್ದೂಲ್ ಖರ್ಜೂರ ಎರಡು ತಿಂದರೆ ಹತ್ತಿರ ಹತ್ತಿರ 35 ಗ್ರಾಂ. ಕಡಲೆಕಾಯಿ ಚಿಕ್ಕಿ ರುಚಿಗೆ ಸರಿ, ಆದರೆ ಎಣ್ಣೆಯಂಶದಿಂದ ಹೊಟ್ಟೆಯಲ್ಲಿ ನಿಧಾನ. ಕೊನೆಯ ಏರಿಗೆ ಮುಂಚೆ ಬೇಡ. ಬೆಳಗ್ಗೆ ಮೂರು ಗಂಟೆ ಮುಂಚೆ ಅವಲಕ್ಕಿ ತಿಂದು ಅಭ್ಯಾಸವಿದ್ದರೆ ಅದನ್ನೇ ತಿನ್ನಿ, ಓಟದ ದಿನ ಫ್ರೆಂಚ್ ತಿಂಡಿಯ ಪ್ರಯೋಗ ಬೇಡ.

ಇನ್ನು ಆಯ್ಕೆಗಳು. 24ನ್ನು ಓಡಬಹುದು, ಒಂದು ಪರೀಕ್ಷೆ ಪಾಸಾದರೆ: ಓಟಕ್ಕೆ ಮೂರು ವಾರ ಮುಂಚೆ 18 ಕಿ.ಮೀ., 600 ಮೀಟರ್ ಏರಿನ ಕಾಲುದಾರಿಯನ್ನು ಮೂರು ಗಂಟೆಯೊಳಗೆ ಮುಗಿಸಿ, ಮಾರನೆಯ ದಿನ ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕಾಗದಿದ್ದರೆ. ತುಲೂಸ್‌ನಿಂದ ರೈಲಿನಲ್ಲೇ ಹೋಗಬಹುದಾದ ಫುವಾ ಊರಿನ ಸುತ್ತ ಅಂಥ ಗುಡ್ಡಗಳಿವೆ. ಆದರೆ ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲ. ಗಾಢ ಕಿತ್ತಳೆ ಅಥವಾ ಹಳದಿ ಬಟ್ಟೆ ಹಾಕಿ, ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಬೇರೆ ದಾರಿ ಹಿಡಿಯಿರಿ. ಓಟದ ದಾರಿಯಲ್ಲೇ ಅಭ್ಯಾಸ ಮಾಡಲು ಹೋಗಬೇಡಿ. ಅದರಲ್ಲಿ ಖಾಸಗಿ ಹುಲ್ಲುಗಾವಲು ಇರುತ್ತದೆ, ರೈತರು ಬಿಟ್ಟುಕೊಡುವುದು ಆ ಒಂದು ದಿನಕ್ಕೆ.

ಪರೀಕ್ಷೆ ಪಾಸಾಗದಿದ್ದರೆ 12 ಕಿ.ಮೀ.ಗೆ ಬದಲಾಯಿಸಿಕೊಳ್ಳಿ. 12 ಕೂಡಿಸು 4, ಹದಿನಾರು. ಎರಡು ಗಂಟೆಯೊಳಗೆ ಮುಗಿಯುತ್ತದೆ. ಇದರ ಅಪಾಯ ಒಂದೇ, ಚಿಕ್ಕದೆಂದು ಮೊದಲ ಏರಿನಲ್ಲೇ ಜೋರು ಹೊಡೆಯುವುದು. ದೂರ ಬದಲಿಸಲು ಕೊನೆಯ ದಿನ ಯಾವುದು, ಸ್ಥಳದಲ್ಲೇ ನೋಂದಣಿ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಈ ಸಲ 12, ಮುಂದಿನ ವಸಂತದಲ್ಲಿ 24.

ಸೆಪ್ಟೆಂಬರ್‌ನಲ್ಲಿ ಯಾವುದಾದರೂ ಹಳ್ಳಿಯ 10 ಕಿ.ಮೀ. ರಸ್ತೆ ಓಟ ಓಡಿ ನೋಡುವುದೂ ಒಂದು ದಾರಿ. ಅದರಿಂದ ಬಿಬ್, ಕ್ಯೂ, ಫ್ರೆಂಚ್ ಘೋಷಣೆಗಳು ಪರಿಚಯವಾಗುತ್ತವೆ, ತೊಡೆಗೆ ಮಾತ್ರ ಪ್ರಯೋಜನವಿಲ್ಲ. ನಿಮ್ಮ ದಾಖಲೆ ಸಮಯ ಅಲ್ಲಿ ಹುಡುಕಬೇಡಿ. ಫೆಡರೇಶನ್‌ನ ಲೇಬಲ್ ಇರುವ ಓಟದ ದಾರಿಯನ್ನು ಸೈಕಲ್‌ಗೆ ಮೀಟರ್ ಕಟ್ಟಿ, ಕಿ.ಮೀ.ಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸಿ ಅಳೆದಿರುತ್ತಾರೆ. ಲೇಬಲ್ ಇಲ್ಲದ ಹಳ್ಳಿಯ '10 ಕಿ.ಮೀ.' 9.7 ಆಗಿರಬಹುದು, 10.4 ಕೂಡ. ಕೆಲವು ಕಡೆ ರಸ್ತೆಯನ್ನು ಪೂರ್ತಿ ಮುಚ್ಚಿರುವುದಿಲ್ಲ, ಓಟಗಾರರಿಗೆ ದಾರಿಯಲ್ಲಿ ಆದ್ಯತೆ ಮಾತ್ರ ಇರುತ್ತದೆ. ತಿರುವಿನಲ್ಲಿ ಎದುರಿಗೆ ಟ್ರಾಕ್ಟರ್ ಬರಬಹುದು. ಕಿವಿಗೆ ಇಯರ್‌ಫೋನ್ ಬೇಡ.

ಹೋಗಿಬರುವುದು: ಭಾನುವಾರ ಬೆಳಗಿನ ರೈಲು, ಬಸ್ಸು ನಂಬಿ ಹಳ್ಳಿಯ ಓಟ ಹಿಡಿಯಲಾಗದು. ಗೆಳೆಯರ ಕಾರಿನಲ್ಲಿ ಪೆಟ್ರೋಲ್ ಹಂಚಿಕೊಳ್ಳಿ, ಇಲ್ಲವೇ ಶನಿವಾರವೇ ಹೋಗಿ ಊರಿನ ಸಮುದಾಯ ಭವನದಲ್ಲಿ ಬಿಬ್ ತೆಗೆದುಕೊಂಡು ಅಲ್ಲೇ ತಂಗಿ. ಆ ರಾತ್ರಿಯೇ ಯುರೋಪಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಫೋನ್ ತಾನೇ ಬದಲಾಗುತ್ತದೆ, ಕೋಣೆಯ ಗೋಡೆ ಗಡಿಯಾರ ಬದಲಾಗುವುದಿಲ್ಲ. ಅದನ್ನು ನಂಬಿದರೆ ಒಂದು ಗಂಟೆ ಬೇಗ ಹೋಗಿ ಚಳಿಯಲ್ಲಿ ನಿಲ್ಲುತ್ತೀರಿ, ತಡವಂತೂ ಆಗದು.

ಓಟದ ನಂತರದ ಊಟಕ್ಕೆ ಟಿಕೆಟ್ ಮೊದಲೇ ಕೊಳ್ಳಬೇಕಾಗುತ್ತದೆ. ಅವೆರೋನ್‌ನ ಉತ್ತರಕ್ಕೆ, ಓಬ್ರಾಕ್ ಸೀಮೆಯಲ್ಲಿ ಅದು ಬಹುತೇಕ ಅಲಿಗೋ ಮತ್ತು ಸಾಸೇಜ್. ಅಲಿಗೋ ಎಂದರೆ ಹಿಸುಕಿದ ಆಲೂಗಡ್ಡೆಗೆ ಬೆಣ್ಣೆ, ಬೆಳ್ಳುಳ್ಳಿ, ಹಸಿ ಚೀಸ್ ಹಾಕಿ ದೊಡ್ಡ ಹಂಡೆಯಲ್ಲಿ ಮರದ ಹುಟ್ಟಿನಿಂದ ತಿರುವಿ ಬಿಸಿಬಿಸಿ ಬಡಿಸುವುದು. ಚಮಚ ಎತ್ತಿದರೆ ಮೊಳದುದ್ದ ದಾರ ಏಳುತ್ತದೆ. 'ಸಾಂ ಸೊಸೀಸ್' ಎಂದರೆ ಸಾಸೇಜ್ ಬಿಟ್ಟು ಕೊಡುತ್ತಾರೆ. ಆದರೆ ಆ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುವುದೇ ವಾಡಿಕೆ. ಅಷ್ಟೂ ಕಟ್ಟುನಿಟ್ಟಿನವರಾಗಿದ್ದರೆ ಟಿಕೆಟ್ ಕೊಳ್ಳದೆ ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯಿರಿ.